ಆಮೆಮರಿಯ ಮನೆ ಯಾವುದು?

ಮಳೆ ಬಿದ್ದು ಹುಲ್ಲು ಚಿಗುರಿದೊಡನೆ ನಮ್ಮ ಸತ್ಯಮಂಗಲ ಸೀಮೆಯ ಕುರುಚಲು ಕಾಡುಗಳಲ್ಲಿ ನಕ್ಷತ್ರ ಆಮೆಗಳು ಮೇಯಲು ಹೊರಡುತ್ತವೆ. ಅಂಗೈಯಲ್ಲಿ ಅಡಗುವ ಮರಿಯನ್ನು ಕಂಡ ಮಗು ಅದನ್ನು ಮನೆಗೆ ತಂದು ಸಾಕಬಯಸುವುದು ಸಹಜ. ಮಗುವನ್ನು ಗದರಿಸಬೇಕಾಗಿಲ್ಲ; ತಿಳಿಸಿ ಹೇಳಬೇಕು.

ಇದು ನೆಲದ ಆಮೆ. ಇದಕ್ಕೆ ಈಜು ಬಾರದು. ಬಾವಿಗೋ ತೊಟ್ಟಿಗೋ ಬಿಟ್ಟರೆ ಮುಳುಗಿ ಸಾಯುತ್ತದೆ. ಹುಲ್ಲು, ಸೊಪ್ಪು, ಹೂವು, ಉದುರಿದ ಹಣ್ಣು ಇದರ ಆಹಾರ, ಹಾಲು ಅನ್ನಗಳಲ್ಲ. ಬಿಸಿಲೂ ಸುಣ್ಣದ ಅಂಶವೂ ಸಾಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ತೇವವಿಲ್ಲದ ಕೋಣೆಯಲ್ಲಿ, ಒಗ್ಗದ ಆಹಾರದಲ್ಲಿ ಬೆಳೆದ ಮರಿಯ ಚಿಪ್ಪು ಗುಬ್ಬುಗುಬ್ಬಾಗಿ ಉಬ್ಬುತ್ತದೆ. ಹಾಗೆ ಉಬ್ಬಿದುದು ಮತ್ತೆ ಸಮನಾಗದು. ಬಿಸಿಲು, ಪೊದೆಯ ನೆರಳು, ಮಳೆಯ ತೇವ, ಬಗೆಬಗೆಯ ಸೊಪ್ಪು ಇವೆಲ್ಲ ಕೂಡಿ ದೊರೆಯುವುದು ಕಾಡಿನಲ್ಲಿಯೇ.

ಕಾನೂನೂ ಇದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ನಕ್ಷತ್ರ ಆಮೆ ಮೊದಲನೆಯ ಅನುಸೂಚಿಗೆ ಸೇರಿದೆ. ಅದನ್ನು ಹಿಡಿಯುವುದೂ ಮಾರುವುದೂ ಸೆರೆವಾಸಕ್ಕೆ ಗುರಿಪಡಿಸುವ ಅಪರಾಧ. 2019ರಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳೂ ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿದವು.

ಹೊಲದಲ್ಲಿ ಮರಿ ಕಂಡರೆ ಅಲ್ಲಿಯೇ ಬಿಡೋಣ. ರಸ್ತೆಯಲ್ಲಿದ್ದರೆ ಅದು ಹೊರಟ ದಿಕ್ಕಿನ ಅಂಚಿಗೆ ದಾಟಿಸೋಣ. ಈಗಾಗಲೇ ಮನೆಯಲ್ಲಿದ್ದರೆ ಕಂಡಲ್ಲಿ ಬಿಡದೆ ಅರಣ್ಯ ಇಲಾಖೆಗೆ ಒಪ್ಪಿಸೋಣ; ಸಾಕಿದ ಆಮೆಯಿಂದ ಕಾಡಿನವಕ್ಕೆ ರೋಗ ತಗುಲಬಹುದು.

ಆಮೆ ಹೊಕ್ಕ ಮನೆ ಏಳಿಗೆಯಾಗದೆಂದು ನೆರೆಯ ತಮಿಳರ ಗಾದೆ. ಮನೆ ಹೊಕ್ಕ ಆಮೆಗೇ ಏಳಿಗೆಯಿಲ್ಲವೆಂದು ನಾವು ಮಕ್ಕಳಿಗೆ ಕಲಿಸೋಣ.