ಕೈಯಾರೆ ಹಾಳಾದ ಅನ್ನೋದು ಬಿಡ್ರಿ

ಹಲಗೇರಿಗೆ ಹೋದಾಗ ಕ್ರಿಕೆಟ್ ಮಾತು ಶುರುವಾದ್ರೆ ದೊಡ್ಡಪ್ಪನ ಬಾಯಲ್ಲಿ ಸದಾನಂದ ವಿಶ್ವನಾಥ್ ಹೆಸರು ಬಂದೇ ಬರುತ್ತೆ. 'ಎಂಥಾ ಕೀಪರ್ ಇದ್ದನಪಾ! ಕೈಯಾರೆ ಹಾಳಾದ.' ಅಲ್ಲಿಗೆ ಕತೆ ಮುಗೀತು. ಎಲ್ಲರೂ ತಲೆಯಾಡಿಸಿ ಚಹಾ ಕುಡೀತಾರೆ.

ನನಗೆ ಈ ತಲೆಯಾಡಿಸೋದು ಕಂಡ್ರೆ ಸಿಟ್ಟು.

1985ರ ಮಾರ್ಚ್ 10, ಮೆಲ್ಬರ್ನ್. ವಿಶ್ವ ಚಾಂಪಿಯನ್‌ಶಿಪ್ ಫೈನಲ್, ಎದುರಿಗೆ ಪಾಕಿಸ್ತಾನ. 48 ರನ್ ಮಾಡಿದ್ದ ಮಿಯಾಂದಾದ್ ಶಿವರಾಮಕೃಷ್ಣನ್ ಎಸೆತಕ್ಕೆ ಕ್ರೀಸ್ ಬಿಟ್ಟರು, ಸದಾನಂದ್ ಬೇಲ್ಸ್ ಹಾರಿಸಿದರು. ಕಪ್ ನಮ್ಮದಾಯಿತು. ಬೆಂಗಳೂರಿನ ಆ ಹುಡುಗನಿಗೆ ಆಗ ಬರೀ 22 ವರ್ಷ. 1988ರ ಹೊತ್ತಿಗೆ ಅಂತರರಾಷ್ಟ್ರೀಯ ಆಟ ಮುಗಿದೇ ಹೋಯಿತು. ಲೆಕ್ಕಕ್ಕೆ ಸಿಕ್ಕಿದ್ದು 3 ಟೆಸ್ಟ್, 22 ಏಕದಿನ ಪಂದ್ಯ.

ಆ ಆಸುಪಾಸಿನಲ್ಲೇ ಅವರು ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡಿದ್ದರು. ದೊಡ್ಡಪ್ಪನ ಕತೆಯಲ್ಲಿ ಈ ಸಾವುಗಳು ಬರೋದೇ ಇಲ್ಲ.

ಸ್ಕಾಟ್‌ಲೆಂಡಿನ ಫುಟ್‌ಬಾಲಿಗ ಜಿಮ್ ಬ್ಯಾಕ್ಸ್‌ಟರ್ ಕತೆಯನ್ನೂ ಜನ ಹೀಗೇ ಹೇಳ್ತಾರೆ. 1967ರಲ್ಲಿ ವೆಂಬ್ಲಿಯಲ್ಲಿ, ವಿಶ್ವಕಪ್ ಗೆದ್ದಿದ್ದ ಇಂಗ್ಲೆಂಡ್ ಎದುರೇ ಚೆಂಡನ್ನು ಕಾಲ ಮೇಲೆ ಕುಣಿಸಿ ಆಟ ಆಡಿಸಿದವರು. ಕುಡಿತ, ಜೂಜು, ಲಿವರ್ ಕಸಿ, 2001ರಲ್ಲಿ ಸಾವು. ಕುಣಿಸಿದಾಗ 'ನಮ್ಮವನು', ಕುಡಿದಾಗ 'ಅವನ ಹಣೆಬರಹ'.

ತಪ್ಪು ಮಾಡಿದವರಿಗೆ ಜವಾಬ್ದಾರಿ ಇಲ್ಲ ಅಂತ ನಾನು ಹೇಳ್ತಿಲ್ಲ. ಆದರೆ 'ಕೈಯಾರೆ' ಅಂದ ಕೂಡಲೇ ಉಳಿದವರೆಲ್ಲ ಕೈ ತೊಳಕೊಂಡಂಗೆ. ಆ 22ರ ಹುಡುಗನ ಬೆನ್ನಿಗೆ ಯಾರಿದ್ದರು ಅಂತ ಆಮೇಲೆ ಯಾರೂ ಕೇಳೋ ಹಾಗಿಲ್ಲ.

ನಾನೇನು ಸಾಚಾ ಅಲ್ಲ. ನಮ್ಮ ಟೀಮಿನಲ್ಲಿ ಒಬ್ಬನಿದ್ದ. ನಾವು ವಾರ ಒದ್ದಾಡಿದ ಕೋಡನ್ನು ಒಂದೇ ರಾತ್ರಿಯಲ್ಲಿ ಸರಿ ಮಾಡೋನು. ಆಮೇಲಾಮೇಲೆ ಆಫೀಸಿಗೆ ತಡವಾಗಿ ಬರೋದು, ಬಂದರೂ ವಾಸನೆ. ಕೆಲಸ ಬಿಟ್ಟ ದಿನ ಕ್ಯಾಂಟೀನಿನಲ್ಲಿ ನಾನೇ ಅಂದೆ: 'ಕೈಯಾರೆ ಹಾಳಾದ.' ಪಕ್ಕದ ಸೀಟಿನಲ್ಲಿ ಎರಡು ವರ್ಷ ಕೂತಿದ್ದೆ. ಯಾಕೋ ಹಿಂಗಾಗೀ ಅಂತ ಒಂದು ದಿನ ಕೇಳಿರಲಿಲ್ಲ.

ಅಂದಹಾಗೆ, ಸದಾನಂದ್ ಮುಂದೆ ಅಂಪೈರ್ ಆಗಿ ಮೈದಾನಕ್ಕೆ ಮರಳಿದರು. ಬೇರೆಯವರ ಆಟಕ್ಕಾಗಿ ದಿನವಿಡೀ ಬಿಸಿಲಲ್ಲಿ ನಿಂತರು. ಮುಂದಿನ ಸಲ ಊರಿಗೆ ಹೋದಾಗ ದೊಡ್ಡಪ್ಪನಿಗೆ ಇದನ್ನೂ ಹೇಳಬೇಕು. ಅದಕ್ಕೂ ಮೊದಲು ಒಂದು ಫೋನ್ ಮಾಡೋದಿದೆ. ನಂಬರ್ ಇನ್ನೂ ಇದೆ.