ಗದುಗಿನ ಓಣಿಗಳಲ್ಲಿ ಅಡ್ಡಾಡುತ್ತ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಗದ್ದಲ ಶುರು. ಬಸ್ಸು ಗೊತ್ತುಮಾಡಿ, ಪಾಲಕರಿಂದ ಹಣ ಕೂಡಿಸಿ, ರಾತ್ರಿಯಿಡೀ ಪ್ರಯಾಣ ಮಾಡಿ, ಮೈಸೂರು ಅರಮನೆ, ಬೇಲೂರು, ಹಳೇಬೀಡು ನೋಡಿ ಬರುವುದು ವಾಡಿಕೆ. ನೋಡಲಿ, ತಪ್ಪೇನಿಲ್ಲ. ಆದರೆ ಹಾಗೆ ಹೋಗಿಬಂದ ಗದುಗಿನ ಹುಡುಗನನ್ನು ‘ತ್ರಿಕೂಟೇಶ್ವರನ ಆವರಣದ ಸರಸ್ವತಿ ಗುಡಿ ನೋಡಿದ್ದೀಯೇನಪ್ಪಾ?’ ಎಂದು ಕೇಳಿ. ‘ಇಲ್ರೀ, ಅದು ನಮ್ಮ ಮನಿ ಹತ್ರನ ಐತಿ’ ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ. ಹತ್ತಿರ ಇರುವುದೇ ನೋಡದಿರಲು ಕಾರಣ!

ಒಂದು ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮುನ್ನ ತ್ರಿಕೂಟೇಶ್ವರ ಗುಡಿಯಿಂದಲೇ ಹೊರಡಬೇಕು. ಕಲ್ಯಾಣ ಚಾಲುಕ್ಯರ ಕಾಲದ ಗುಡಿ ಇದು. ಒಂದೇ ಪೀಠದ ಮೇಲೆ ಮೂರು ಲಿಂಗಗಳು. ಬ್ರಹ್ಮ, ವಿಷ್ಣು, ಮಹೇಶ್ವರರೆಂದು ಭಕ್ತರ ನಂಬಿಕೆ. ಅದೇ ಆವರಣದಲ್ಲಿ ಸರಸ್ವತಿಯ ಗುಡಿಯಿದೆ. ಮೂರ್ತಿ ಭಗ್ನವಾಗಿದ್ದರೂ ಮೈಮೇಲಿನ ಆಭರಣಗಳ ಕೆತ್ತನೆ ಅಕ್ಕಸಾಲಿಗನ ಕೆಲಸವೇ ಅನ್ನಿಸುತ್ತದೆ. ಮಂಟಪದ ಕಂಬಗಳನ್ನು ಒಂದೊಂದಾಗಿ ಸುತ್ತಿ ನೋಡಬೇಕು. ಮಕ್ಕಳಿಗೆ ಅವಸರ ಮಾಡಬಾರದು. ಎರಡು ಕಂಬಗಳ ನಡುವಿನ ವ್ಯತ್ಯಾಸ ಹುಡುಕಲು ಹಚ್ಚಿದರೆ ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ.

ಅಲ್ಲಿಂದ ಪೇಟೆಯ ಸಂದಿಗೊಂದಿ ಹಾದು ವೀರನಾರಾಯಣನ ಗುಡಿಗೆ ಬರಬಹುದು. ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ್ದೆಂದು ಪ್ರತೀತಿ. ಕೋಳಿವಾಡದ ನಾರಣಪ್ಪ, ಅಂದರೆ ಕುಮಾರವ್ಯಾಸ, ಒಳಗಿನ ಕಂಬವೊಂದಕ್ಕೆ ಒರಗಿ ಭಾರತ ಬರೆದನಂತೆ. ಮಿಂದು ಒದ್ದೆ ಬಟ್ಟೆಯಲ್ಲೇ ಕೂತು, ಅದು ಆರುವವರೆಗೆ ಮಾತ್ರ ಬರೆಯುತ್ತಿದ್ದನೆಂಬ ಕತೆಯೂ ಉಂಟು. ಕತೆ ನಿಜವೋ ಸುಳ್ಳೋ, ಪರೀಕ್ಷೆಗೆಂದು ಬಾಯಿಪಾಠ ಮಾಡಿದ ‘ಗದುಗಿನ ಭಾರತ’ದ ಗದುಗು ತನ್ನ ಕಾಲ ಕೆಳಗೇ ಇದೆ ಎಂದು ಮಗುವಿಗೆ ಗೊತ್ತಾಗುವುದು ಆ ಕಂಬದ ಮುಂದೆಯೇ. ಇನ್ನೊಂದು ಸಂಗತಿಯನ್ನು ಪಾಲಕರು ಮರೆಯದೆ ಹೇಳಬೇಕು: ಈ ಎರಡು ಗುಡಿಗಳೂ ಊರಿನ ಜುಮ್ಮಾ ಮಸೀದಿಯೂ ಒಂದೇ ಟ್ರಸ್ಟಿನ ಆಡಳಿತದಲ್ಲಿ ನಡೆದುಬಂದಂಥವು.

ಇಷ್ಟು ಹೊತ್ತಿಗೆ ಹಸಿವೆ. ಗದುಗಿಗೆ ಬಂದು ಬದನೆಕಾಯಿ ಬಜಿ ತಿನ್ನದಿದ್ದರೆ ಊರು ನೋಡಿದ ಲೆಕ್ಕಕ್ಕೆ ಬರುವುದಿಲ್ಲ. ಜೊತೆಗೆ ಗಿರ್ಮಿಟ್ಟು, ಮೇಲೆ ಅರ್ಧ ಕಪ್ಪು ಚಹಾ.

ಗದುಗಿಗೆ ‘ಮುದ್ರಣ ಕಾಶಿ’ ಎಂಬ ಹೆಸರೂ ಇದೆ. ಅಚ್ಚಿನ ಮೊಳೆಗಳ ಕಾಲ ಮುಗಿಯಿತು. ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾದ ಅಕ್ಷರಗಳನ್ನು ಸರಸರನೆ ಓದಿ ಜೋಡಿಸುತ್ತಿದ್ದ ಕೈಗಳಿಗೆ ವಯಸ್ಸಾಯಿತು. ಅಂಥ ಹಿರಿಯರೊಬ್ಬರು ಓಣಿಯಲ್ಲಿ ಸಿಕ್ಕರೆ ಹತ್ತು ನಿಮಿಷ ಮಾತಾಡಿಸಬೇಕು. ಯಾವ ಮ್ಯೂಸಿಯಮ್ಮಿನಲ್ಲೂ ಆ ಮಾತು ಕೇಳಸಿಗದು.

ರೈಲು ಹಳಿ ದಾಟಿ ಬೆಟಗೇರಿಗೆ ಹೋದರೆ ಊರಿನ ಸದ್ದೇ ಬೇರೆ. ಇದು ನೇಕಾರರ ಊರು. ಒಂದು ಕಾಲಕ್ಕೆ ಓಣಿ ತುಂಬ ಕೈಮಗ್ಗದ ಲಟಪಟ. ಈಗ ಹೆಚ್ಚಿನ ಕಡೆ ವಿದ್ಯುತ್ ಮಗ್ಗದ ಗದ್ದಲ. ಆದರೂ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ಸೀರೆ ನೇಯುವವರ ಮನೆ ಸಿಕ್ಕರೆ, ಕೇಳಿ ಒಳಗೆ ಹೋಗಬೇಕು. ಹಾಸಿನ ಎಳೆಗಳ ನಡುವೆ ಲಾಳಿ ಅತ್ತಿತ್ತ ಓಡುವುದನ್ನು, ಪಕ್ಕದಲ್ಲಿ ಮನೆಯವರು ಕಂಡಿಕೆ ಸುತ್ತುವುದನ್ನು ನೋಡಿದರೆ, ಒಂದು ಸೀರೆಗೆ ಎಷ್ಟು ಜನರ ಕೈ ಬೀಳುತ್ತದೆಂದು ತಿಳಿಯುತ್ತದೆ. ನೇಕಾರರ ಮಕ್ಕಳು ಕಲಿತು ಬೇರೆ ನೌಕರಿಗೆ ಹೊರಟಿದ್ದಾರೆ. ದುಡಿತಕ್ಕೆ ತಕ್ಕ ಕೂಲಿ ಹುಟ್ಟದಿದ್ದಾಗ ‘ಮಗ್ಗ ಬಿಡಬೇಡ’ ಎಂದು ಅವರಿಗೆ ಯಾವ ಬಾಯಿಂದ ಹೇಳುವುದು? ನಾಲ್ಕು ಜನ ನೋಡಲು, ಕೊಳ್ಳಲು ಬಂದರಾದರೂ ಒಂದಿಷ್ಟು ಆಸರೆ.

ಬೆಟಗೇರಿಯ ಇನ್ನೊಂದು ಆಸ್ತಿ ವೀರಗಲ್ಲುಗಳು. ಒಂಬತ್ತು-ಹತ್ತನೇ ಶತಮಾನದವು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂಬುದು ಬಹಳ ಜನರಿಗೆ ಗೊತ್ತಿಲ್ಲ. ಸಾಮಾನ್ಯವಾಗಿ ಕೆಳಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ದೇವರ ಸನ್ನಿಧಿ, ನೆತ್ತಿಯಲ್ಲಿ ಸೂರ್ಯಚಂದ್ರರು. ಸತ್ತವರೆಲ್ಲ ಅರಸರಲ್ಲ. ಕಳವಾದ ದನಗಳನ್ನು ಬಿಡಿಸಿ ತರಲು ಹೋದ ಸಾಮಾನ್ಯರಿಗೂ ನಾಡಿನ ಊರೂರಿನಲ್ಲಿ ಇಂಥ ಕಲ್ಲು ನಿಲ್ಲಿಸಿದ್ದಾರೆ. ಅದೇ ಕಲ್ಲು ಎಷ್ಟೋ ಊರುಗಳಲ್ಲಿ ಬಟ್ಟೆ ಒಗೆಯುವ ಹಾಸುಗಲ್ಲಾಗಿದೆ, ಕಟ್ಟೆಯ ಮೆಟ್ಟಿಲಾಗಿದೆ. ಗುರುತಿಸಲು ಕಲಿತ ಒಬ್ಬ ಹುಡುಗಿ ಓಣಿಯಲ್ಲಿದ್ದರೂ ಒಂದು ಕಲ್ಲು ಉಳಿದೀತು.

ಜಪಾನಿನ ಬಂದರು ನಗರ ನಾಗಾಸಾಕಿಯಲ್ಲಿ 2006ರಲ್ಲಿ ಇಂಥ ಕೆಲಸವನ್ನೇ ಮಾಡಿದರು. ಹೊಸ ಕಟ್ಟಡ ಕಟ್ಟಿ ಮೇಳ ನಡೆಸುವ ಬದಲು, ಊರಿನ ಏರುದಾರಿ, ಓಣಿ, ಹಳೆಯ ಗುಡಿ, ಅಂಗಡಿಗಳನ್ನೇ ಮೇಳವಾಗಿಸಿದರು. ದಾರಿ ತೋರಿಸಿದವರು ಅಲ್ಲಿಯ ನಿವಾಸಿಗಳೇ. ಅದಕ್ಕೆ ಇಟ್ಟ ಹೆಸರು ‘ಸರುಕು’. ಅಲ್ಲಿಯ ಆಡುಮಾತಿನಲ್ಲಿ ಅದರ ಅರ್ಥ ಸುಮ್ಮನೆ ಅಡ್ಡಾಡುವುದು. ನಮ್ಮ ಗದುಗಿನವರೂ ಸಂಜೆ ಮಾಡುವುದು ಅದನ್ನೇ. ನೋಡುವ ಕಣ್ಣೊಂದು ಸೇರಬೇಕಷ್ಟೆ.

ಮುಂದಿನ ವಾರಗಳಿಗೆ ತಾಲ್ಲೂಕುಗಳಿವೆ. ಮುಂಡರಗಿಗೆ ಸುಮಾರು 40 ಕಿ.ಮೀ. ಗುಡ್ಡದ ಮೇಲಿನ ಕನಕನರಸಿಂಹನ ಗುಡಿಗೆ ಹತ್ತಿ, ಬ್ರಿಟಿಷರ ವಿರುದ್ಧ ಬಂಡೆದ್ದು 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದ ಮುಂಡರಗಿ ಭೀಮರಾಯನ ಕತೆ ಹೇಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠ. ಹೆಸರಿನಲ್ಲೇ ಫಕೀರನೂ ಈಶ್ವರನೂ ಕೂಡಿದ್ದಾರೆ, ಜಾತ್ರೆಯಲ್ಲಿ ಎರಡೂ ಧರ್ಮದವರು ಕೂಡುತ್ತಾರೆ.

ಲಕ್ಷ್ಮೇಶ್ವರಕ್ಕೆ ಮಾತ್ರ ಒಂದು ಪೂರ್ತಿ ದಿನ ಬೇಕು. ಇದೇ ಹಳೆಯ ಪುಲಿಗೆರೆ. ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ ತಿರುಳು ಕನ್ನಡದ ನಾಡಿಗೆ ಹೇಳುವ ನಾಲ್ಕು ಊರುಗಳಲ್ಲಿ ಇದೂ ಒಂದು. ಆದಿಕವಿ ಪಂಪ ತನ್ನ ಕಾವ್ಯದ ಭಾಷೆಯೆಂದು ಹೆಮ್ಮೆಪಟ್ಟದ್ದೂ ಈ ಊರಿನ ಕನ್ನಡಕ್ಕೇ. ಧಾರವಾಡದ ಕಡೆಯ ಮಾತನ್ನು ‘ಒರಟು’ ಎಂದು ಬೆಂಗಳೂರಿನಲ್ಲಿ ಯಾರಾದರೂ ನಕ್ಕಾಗ ಮಕ್ಕಳು ಇದನ್ನು ನೆನೆಯಲಿ. ಶಂಖ ಬಸದಿಯಲ್ಲಿ ಒಂದೇ ಕಲ್ಲಿನ ಮೇಲೆ ಸಾಲುಸಾಲಾಗಿ ಕಡೆದ ಪುಟ್ಟ ಜಿನಬಿಂಬಗಳ ಸಹಸ್ರಕೂಟವಿದೆ. ಎಣಿಸಲು ಕೂತ ಮಗು ನಡುವೆ ಲೆಕ್ಕ ತಪ್ಪುವುದು ಖಂಡಿತ. ಪೇಟೆಯಲ್ಲಿ ಆದಿಲಶಾಹಿ ಕಾಲದ, 1617ರ ಜುಮ್ಮಾ ಮಸೀದಿ. ಕೋಟೆಯಂಥ ಗೋಡೆಯೊಳಗೆ ಸೋಮೇಶ್ವರನ ಗುಡಿ. ಗರ್ಭಗುಡಿಯಲ್ಲಿ ಲಿಂಗದ ಬದಲು ನಂದಿಯನ್ನೇರಿದ ಶಿವಪಾರ್ವತಿಯರು.

ಊರಿನ ತುಂಬ ಹಳಗನ್ನಡದ ಶಾಸನಗಳು. ಮೊದಲು ಎಲ್ಲವೂ ಗೀಚಿದಂತೆ ಕಾಣುತ್ತದೆ. ಸಂಜೆಯ ಓರೆಬಿಸಿಲು ಬಿದ್ದಾಗ ಅಕ್ಷರದ ಗೆರೆಗಳು ಎದ್ದು ಕಾಣುತ್ತವೆ. ಮಗು ಒಂದು ‘ಗ’ ಹುಡುಕುತ್ತದೆ, ಆಮೇಲೆ ಒಂದು ‘ನ’. ಮೂರನೆಯದಕ್ಕೆ ತಡಕಾಡುತ್ತಿರುವಾಗ ಗದುಗಿನ ಬಸ್ಸಿಗೆ ಹೊತ್ತಾಯಿತೆಂದು ಅಪ್ಪ ಕರೆದರೆ, ಇನ್ನೈದು ನಿಮಿಷ ತಡೆಯುವುದು ಒಳ್ಳೆಯದು. ಅದರ ಹಿಂದೆ ಇನ್ನೊಂದು ಬಸ್ಸಿರುತ್ತದೆ.