ಬೂದಿ ಬಿದ್ದ ನೆಲದ ಬಾಕಿ

ಗೆ: ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಅಧ್ಯಕ್ಷರು, ನ್ಯೂಯಾರ್ಕ್
ವಿಷಯ: ಮಾರ್ಷಲ್ ದ್ವೀಪಗಳಿಗೆ ಸಲ್ಲಬೇಕಾದ ಪರಮಾಣು ಪರೀಕ್ಷೆಗಳ ಪರಿಹಾರ



ಮಾರ್ಷಲ್ ದ್ವೀಪಗಳ ಜನ ಈ ಬಾಗಿಲು ತಟ್ಟುತ್ತಿರುವುದು ಇದೇ ಮೊದಲಲ್ಲ. 1954ರ ಏಪ್ರಿಲ್ 20ರಂದು ವಿಶ್ವಸಂಸ್ಥೆಯ ಧರ್ಮದರ್ಶಿ ಮಂಡಳಿಗೆ ಬರೆದರು, 1956ರಲ್ಲಿ ಮತ್ತೆ ಬರೆದರು. ಪರೀಕ್ಷೆ ನಿಲ್ಲಿಸಿ ಎಂದು ಕೇಳಿದವರಿಗೆ ಸಿಕ್ಕಿದ್ದು, ಎಚ್ಚರಿಕೆ ವಹಿಸಿ ನಡೆಸಲಿ ಎಂಬ ನಿರ್ಣಯ. 1958ರ ವೇಳೆಗೆ ಅಮೆರಿಕ ಸಿಡಿಸಿದ ಬಾಂಬುಗಳು 67.

ಈ ದ್ವೀಪಗಳ ಆಡಳಿತವನ್ನು ಅಮೆರಿಕಕ್ಕೆ ವಹಿಸಿದ 1947ರ ಧರ್ಮದರ್ಶಿತ್ವ ಒಪ್ಪಂದದ 6ನೇ ವಿಧಿ ತಮಗೆ ತಿಳಿಯದ್ದೇನಲ್ಲ. ನಿವಾಸಿಗಳ ಭೂಮಿ, ಆರೋಗ್ಯ ಕಾಯುವುದಾಗಿ ಅಮೆರಿಕ ಅಲ್ಲಿ ಒಪ್ಪಿ ಸಹಿ ಹಾಕಿದೆ.

ಕಾಯ್ದದ್ದು ಹೀಗೆ. 1954ರ ಮಾರ್ಚ್ 1ರ ಬೆಳಗ್ಗೆ ಬಿಕಿನಿಯಲ್ಲಿ 15 ಮೆಗಾಟನ್ನಿನ ಬ್ರಾವೊ ಎಂಬ ಬಾಂಬು ಸಿಡಿಯಿತು. ಕೆಲವೇ ಗಂಟೆಗಳಲ್ಲಿ ರೊಂಗೆಲಾಪ್ ದ್ವೀಪದ ಮೇಲೆ ಬಿಳಿ ಬೂದಿ ಸುರಿಯಿತು. ಮಕ್ಕಳು ಅದರಲ್ಲಿ ಆಡಿದರು; ಕುಡಿಯುವ ನೀರಿಗೂ ಬಿತ್ತು. ಮೈ ಸುಟ್ಟಿತು, ವಾಂತಿಯಾಯಿತು, ಕೂದಲು ಉದುರಿತು. ಜನರನ್ನು ತೆರವು ಮಾಡಲು ಹಡಗು ಬಂದದ್ದು ಎರಡು ದಿನದ ಮೇಲೆ. 1957ರಲ್ಲಿ ನೆಲ ಸುರಕ್ಷಿತವೆಂದು ಹೇಳಿ ಮರಳಿ ಕಳುಹಿಸಲಾಯಿತು. 1985ರಲ್ಲಿ ಆ ಜನ ತಾವಾಗಿಯೇ ಊರು ಬಿಟ್ಟರು. ಸಾಗಿಸಿದ್ದು ಗ್ರೀನ್‌ಪೀಸ್‌ನ ರೇನ್‌ಬೋ ವಾರಿಯರ್. ಕಾಯಬೇಕಿದ್ದ ಸರ್ಕಾರದ ಹಡಗಲ್ಲ.

ಅಮೆರಿಕದೊಂದಿಗೆ ಮಾಡಿಕೊಂಡು 1986ರಲ್ಲಿ ಜಾರಿಗೆ ಬಂದ ಒಪ್ಪಂದ ಸ್ವಾತಂತ್ರ್ಯ ತಂದಿತು. ಅದರ 177ನೇ ಸೆಕ್ಷನ್ 15 ಕೋಟಿ ಡಾಲರ್ ನಿಧಿಯಿಟ್ಟು ಎಲ್ಲ ಹಕ್ಕೊತ್ತಾಯಗಳಿಗೂ ತೆರೆ ಎಳೆಯಿತು. ಆದರೆ ಬೂದಿ ಎಲ್ಲೆಲ್ಲಿ ಬಿತ್ತೆಂಬ ಅನೇಕ ಗುಪ್ತ ದಾಖಲೆಗಳು ಹೊರಬಿದ್ದದ್ದು 1990ರ ದಶಕದಲ್ಲಿ! ಅದೇ ಒಪ್ಪಂದದಡಿ ರಚನೆಯಾದ ನ್ಯಾಯಮಂಡಳಿ 200 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಘೋಷಿಸಿತು. ನಿಧಿ ಬರಿದಾಗಿ ಬಹುಪಾಲು ಬಾಕಿ ಉಳಿಯಿತು. ಹೆಚ್ಚಿನ ಪರಿಹಾರ ಕೋರಿ 2000ದಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಅರ್ಜಿ ಹೋಯಿತು. 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪರಿಹಾರದ ದಾವೆಯ ವಿಚಾರಣೆಗೇ ಒಪ್ಪಲಿಲ್ಲ. ಇತ್ತ ಭದ್ರತಾ ಮಂಡಳಿ 1990ರ ಡಿಸೆಂಬರ್ 22ರ 683ನೇ ನಿರ್ಣಯದಲ್ಲಿ ಧರ್ಮದರ್ಶಿತ್ವ ಮುಗಿಯಿತೆಂದು ಬರೆದುಬಿಟ್ಟಿತ್ತು. ಸಾಲ ತೀರದೆ ಲೆಕ್ಕದ ಪುಸ್ತಕ ಮುಚ್ಚಿದ್ದು ಯಾವ ನ್ಯಾಯ ಎಂದು ಮನವಿದಾರರು ವಿನಯದಿಂದಲೇ ಕೇಳುತ್ತಾರೆ.

ಎನೆವೆಟಾಕ್ ಹವಳದ್ವೀಪಕ್ಕೆ ಸೇರಿದ ರುನಿಟ್ ದ್ವೀಪದ ಗುಂಡಿಯಲ್ಲಿ ತುಂಬಿದ ವಿಕಿರಣ ಕಸದ ಮೇಲೆ ಕಾಂಕ್ರೀಟ್ ಗುಮ್ಮಟವಿದೆ, ತಳದಲ್ಲಿ ಏನೂ ಹಾಸಿಲ್ಲ. ಅದರ ತಪಾಸಣೆ ಸ್ವತಂತ್ರ ತಜ್ಞರಿಂದ ನಡೆಯಲಿ.

177ನೇ ಸೆಕ್ಷನ್ ಗುರುತಿಸಿದ್ದು ಬಿಕಿನಿ, ಎನೆವೆಟಾಕ್, ರೊಂಗೆಲಾಪ್, ಉಟಿರಿಕ್ ಎಂಬ ನಾಲ್ಕು ಹವಳದ್ವೀಪಗಳನ್ನೇ. ಬ್ರಾವೊ ಬೂದಿ ಬಿದ್ದರೂ ಐಲುಕ್ ಜನರನ್ನು ತೆರವು ಮಾಡಲೇ ಇಲ್ಲ. ಈ ಮನವಿಗೆ ಸಹಿ ಹಾಕಿದವರಲ್ಲಿ ಐಲುಕ್ ಮನೆತನದವರೂ ಇದ್ದಾರೆ; ಪಟ್ಟಿಗೆ ಐಲುಕ್ ಸೇರಬೇಕು.

ಬಾಕಿ ಪರಿಹಾರ ಪೂರ್ತಿ ಪಾವತಿಯಾಗುವಂತೆ ಸಾಮಾನ್ಯ ಸಭೆ ನಿರ್ಣಯ ಮಾಡಬೇಕು, ಅದಕ್ಕೊಂದು ಗಡುವು ಗೊತ್ತುಮಾಡಬೇಕು. ಈ ಮನವಿಗೆ ಲಿಖಿತ ಉತ್ತರ ಕೊಡಬೇಕೆಂದು ಕೋರಿಕೆ.